ಘಾಟಿಯಲ್ಲಿ ಗೇರ್‌ಬಾಕ್ಸ್ ಕಾದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಏಳು ಗೇರಿನ ಡಿಸಿಟಿ (ಡ್ಯುಯಲ್ ಕ್ಲಚ್) ಆಟೊಮ್ಯಾಟಿಕ್ ಕಾರು. ಮೇ ತಿಂಗಳಲ್ಲಿ ಐದು ಜನ ಧರ್ಮಸ್ಥಳಕ್ಕೆ ಹೋಗಿ, ಶಿರಾಡಿ ಘಾಟಿ ಹತ್ತಿ ಸಕಲೇಶಪುರದ ಕಡೆಗೆ ಮರಳುತ್ತಿದ್ದೆವು. ಲಾರಿಗಳ ಸಾಲಿನ ಹಿಂದೆ ಬಹಳ ಹೊತ್ತು ತೆವಳಿದ ಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂತು. ಸ್ವಲ್ಪ ಹೊತ್ತು ನಿಲ್ಲಿಸಿದ ನಂತರ ಸರಿಹೋಯಿತು. ಸರ್ವಿಸ್‌ನವರು ಬೇಸಿಗೆಯಲ್ಲಿ ಇದು ಸಹಜ ಎನ್ನುತ್ತಾರೆ. ಗೇರ್ ಆಯಿಲ್ ಬದಲಿಸಬೇಕೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಬಿಸಿಲೊಂದನ್ನೇ ದೂರುವಂತಿಲ್ಲ. ನಿಮ್ಮ ಗೇರ್‌ಬಾಕ್ಸಿನೊಳಗೆ ಎಂಜಿನ್ನಿನ ಬಲವನ್ನು ಗೇರುಗಳಿಗೆ ಕೂಡಿಸುವ ಎರಡು ಕ್ಲಚ್‌ಗಳಿವೆ. ಅವುಗಳನ್ನು ಒತ್ತುವ, ಬಿಡುವ ಕೆಲಸವನ್ನು ನಿಮ್ಮ ಕಾಲಿನ ಬದಲು ಯಂತ್ರ ಮಾಡುತ್ತದೆ. ಕಾರು ತೆವಳುವಾಗ ಕ್ಲಚ್ ಪೂರ್ತಿ ಹಿಡಿದುಕೊಳ್ಳದೆ ಜಾರುತ್ತಲೇ ಇರುತ್ತದೆ. ಆ ತಿಕ್ಕಾಟವೇ ಶಾಖದ ಮೂಲ. ಡಿಸಿಟಿಯಲ್ಲಿ ಎರಡು ಬಗೆ: ಒಂದರಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಇನ್ನೊಂದರಲ್ಲಿ ಒಣಗಿರುತ್ತದೆ. ಒಣ ಕ್ಲಚ್ ತಣಿಯಬೇಕಾದದ್ದು ಸುತ್ತಲಿನ ಗಾಳಿಯಿಂದ. ಆ ಗಾಳಿಯೇ ಕಾದಿದ್ದು, ಕಾರೂ ನಿಂತಲ್ಲೇ ನಿಂತಿದ್ದರೆ ಶಾಖ ಹೊರಹೋಗುವುದು ನಿಧಾನ. ಬಿಸಿಲಿನ ಪಾತ್ರ ಅಷ್ಟೇ. ಉಳಿದದ್ದು ಕಾರು ಓಡಿಸುವ ರೀತಿಗೆ ಸೇರಿದ್ದು.

ಹಾಗಾಗಿ ಘಾಟಿಯಲ್ಲಿ ಮುಂದಿನ ಲಾರಿ ಒಂದು ಮಾರು ಸರಿದ ಕೂಡಲೇ ಅದರ ಬೆನ್ನಿಗೆ ಹೋಗಿ ನಿಲ್ಲಬೇಡಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಕಾಯಿರಿ. ಎರಡು ಮೂರು ಕಾರುಗಳಷ್ಟು ಜಾಗವಾದ ಮೇಲೆ ಒಂದೇ ಸಲಕ್ಕೆ ಹೊರಡಿ. ಹಿಂದಿನವರು ಹಾರ್ನ್ ಹೊಡೆದಾರು, ಹೊಡೆಯಲಿ. ಕ್ಲಚ್ ಸುಟ್ಟರೆ ಬಿಲ್ ಕಟ್ಟುವವರು ನೀವು. ಮ್ಯಾನ್ಯುಯಲ್ ಮೋಡ್‌ನಲ್ಲಿ ಒಂದನೇ ಗೇರ್ ಹಿಡಿದಿಟ್ಟುಕೊಂಡರೆ, ಕ್ಲಚ್ ಬೇಗ ಪೂರ್ತಿ ಕೂಡಿಕೊಳ್ಳುತ್ತದೆ. ಒಂದು–ಎರಡು ಗೇರುಗಳ ನಡುವೆ ಪದೇ ಪದೇ ಬದಲಾಗುವುದೂ ತಪ್ಪುತ್ತದೆ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಆಕ್ಸಿಲರೇಟರ್ ಅದುಮಿ ನಿಲ್ಲಿಸಿಕೊಳ್ಳುವ ಅಭ್ಯಾಸ ಹಲವರಿಗಿದೆ. ಕ್ಲಚ್ ಸುಡಲು ಅದಕ್ಕಿಂತ ನೇರವಾದ ದಾರಿಯಿಲ್ಲ. ಸಾಮಾನ್ಯ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಎಎಂಟಿ ಕಾರುಗಳಿಗೂ, ಅರ್ಧ ಕ್ಲಚ್‌ನಲ್ಲಿ ನಿಲ್ಲಿಸುವ ಸಾಮಾನ್ಯ ಗೇರಿನ ಕಾರುಗಳಿಗೂ ಇದೇ ಮಾತು.

ಎಚ್ಚರಿಕೆ ಮತ್ತೆ ಬಂದರೆ ತಿರುವಿನಲ್ಲಲ್ಲ, ಹಿಂದಿನವರಿಗೆ ದೂರದಿಂದ ಕಾಣುವ ಅಗಲವಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಲಿವರನ್ನು ಪಿ (ಪಾರ್ಕಿಂಗ್) ಸ್ಥಾನಕ್ಕೆ ತಂದು, ಕಾರಿನ ಕೈಪಿಡಿ ಬೇರೆ ಹೇಳದಿದ್ದರೆ ಎಂಜಿನ್ ಚಾಲೂ ಇಟ್ಟೇ ಕಾಯಿರಿ. ಗೇರ್‌ಬಾಕ್ಸಿಗೆ ನೀರು ಎರಚಲೇಬೇಡಿ: ಕಾದ ಲೋಹ ಬಿರುಕು ಬಿಡಬಹುದು, ವಿದ್ಯುತ್ ಭಾಗಗಳಿಗೆ ನೀರು ಇಳಿಯಬಹುದು. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಅದನ್ನು ದಯವಿಟ್ಟು ರಸ್ತೆಯಿಂದ ತೆಗೆದುಹಾಕಿ. ಕತ್ತಲಲ್ಲಿ ಬೈಕಿನವರ ಜೀವಕ್ಕೆ ಅದು ಕುತ್ತು.

ಎ.ಸಿ. ಆರಿಸಿದರೆ ಎಂಜಿನ್ ಮೇಲಿನ ಹೊರೆ ಇಳಿಯುತ್ತದೆ, ಆದರೆ ಒಣ ಕ್ಲಚ್ಚಿಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ. ಆಯಿಲ್ ಬದಲಿಸುವುದೂ ಅಷ್ಟೇ. ಒಣ ಕ್ಲಚ್ಚನ್ನು ತಣಿಸುವುದು ಆ ಎಣ್ಣೆಯಲ್ಲ. ಮೊದಲು ನಿಮ್ಮದು ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳಿ. ಆಮೇಲೆ ಸ್ಕ್ಯಾನರ್ ಹಾಕಿ ದಾಖಲಾದ ದೋಷಗಳನ್ನು ಓದಲು, ಗೇರ್‌ಬಾಕ್ಸಿನ ಸಾಫ್ಟ್‌ವೇರ್ ಹೊಸದಿದೆಯೇ ನೋಡಲು ಹೇಳಿ, ದೂರನ್ನು ಸರ್ವಿಸ್‌ನವರ ಜಾಬ್ ಕಾರ್ಡಿನಲ್ಲಿ ಬರೆಸಿ. ಬರೆಯದೆ ಉಳಿದ ದೂರು ನಾಳೆ ವಾರಂಟಿಗೆ ಒದಗುವುದಿಲ್ಲ. ಹೊರಡುವಾಗ ಕಾರು ನಡುಗಿದರೆ ಅಥವಾ ಸುಟ್ಟ ವಾಸನೆ ಪದೇ ಪದೇ ಬಂದರೆ, ಬೇಸಿಗೆಯಲ್ಲಿ ಸಹಜ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಕ್ಲಚ್ ತೆಗೆಸಿ ನೋಡಿಸಿ.

ಪ್ರಶ್ನೆ: ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಬಲ ದಾಟಿಸುವ ಭಾಗ) ಇರುವ ನನ್ನ ಹಳೆಯ ಆಟೊಮ್ಯಾಟಿಕ್ ಕಾರು 90 ಸಾವಿರ ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಎಣ್ಣೆ ಜೀವನಪೂರ್ತಿ ಬರುತ್ತದೆ ಎಂದು ಮಾರುವಾಗ ಹೇಳಿದ್ದರು. ಮೆಕ್ಯಾನಿಕ್ ಈಗ ಮಷಿನ್ ಹಾಕಿ ಫ್ಲಶ್ ಮಾಡೋಣ ಎನ್ನುತ್ತಾರೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎಣ್ಣೆ ಬದಲಿಸಿ, ಆದರೆ ಯಂತ್ರದ ಒತ್ತಡದಿಂದ ಹಳೆಯ ಎಣ್ಣೆಯನ್ನು ಹೊರತಳ್ಳುವ ಫ್ಲಶ್ ಬೇಡ. ಇಷ್ಟು ದೂರ ಬದಲಿಸದೆ ಓಡಿದ ಗೇರ್‌ಬಾಕ್ಸಿನಲ್ಲಿ ತಳಕ್ಕೆ ಕೂತ ಕಸ ಎದ್ದು ಸಣ್ಣ ವಾಲ್ವ್‌ಗಳಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ತಳದ ಬೋಲ್ಟ್ ಬಿಚ್ಚಿದರೆ ಎಣ್ಣೆಯ ಒಂದು ಪಾಲಷ್ಟೇ ಇಳಿಯುತ್ತದೆ. ಉಳಿದದ್ದು ಕನ್ವರ್ಟರಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಇಳಿಸಿ, ತುಂಬಿ, ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಇಳಿಸಿ ತುಂಬಿಸಿ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ. ಕಾದ ಎಣ್ಣೆ ಹಿಗ್ಗುವುದರಿಂದ, ಕಂಪನಿ ಸೂಚಿಸಿದ ತಾಪಮಾನದಲ್ಲಿಯೇ ಮಟ್ಟ ನೋಡಬೇಕು.

ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿದೆಯೇ ನೋಡಿ. ಸುಡುಬಿಸಿಲು, ಟ್ರಾಫಿಕ್, ಘಾಟಿ ಎಲ್ಲವೂ ಸಾಮಾನ್ಯವಾಗಿ ಆ ಪಟ್ಟಿಗೆ ಬರುತ್ತವೆ. ಹಲವು ಕಾರುಗಳಲ್ಲಿ ಈ ಎಣ್ಣೆ ತಣಿಯುವುದು ರೇಡಿಯೇಟರಿನ ಮೂಲಕ. ಬೇಸಿಗೆಗೆ ಮುನ್ನ ಅದರ ಮುಂದೆ ಮೆತ್ತಿದ ದೂಳು, ಹುಳುಗಳನ್ನು ಮೆಲ್ಲನೆಯ ನೀರಿನಿಂದ ತೊಳೆಸಿ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಮಟ್ಟವನ್ನೂ ನೋಡಿಸಿ. ಇಳಿಸಿದ ಎಣ್ಣೆ ಗುಲಾಬಿ ಬಣ್ಣದ ಹಾಲಿನಂತೆ ಕಂಡರೆ ಒಳಗೆ ಕೂಲಂಟ್ ಸೇರಿದೆ ಎಂದರ್ಥ. ಆಗ ಕಾರನ್ನು ಓಡಿಸದೆ ಟೋ ಮಾಡಿಸಿಯೇ ಗ್ಯಾರೇಜಿಗೆ ಸಾಗಿಸಿ.