ಅಡುಗೆಮನೆಯ ಪ್ರಶ್ನೋತ್ತರ: ಏರ್ ಫ್ರೈಯರ್‌ನಲ್ಲಿ ಫ್ರೋಜನ್ ಆಲೂಗಡ್ಡೆ ತಿನಿಸುಗಳು

ಪ್ರಶ್ನೆ: ಫ್ರೋಜನ್ ಫ್ರೆಂಚ್ ಫ್ರೈಸ್ ಪ್ಯಾಕೆಟ್ಟನ್ನು ಮೊದಲೇ ಹೊರಗಿಟ್ಟು, ತಣ್ಣಗಿರುವುದು ಬಿಟ್ಟ ಮೇಲೆ ಎಣ್ಣೆ ಸವರಿ, ಏರ್ ಫ್ರೈಯರ್‌ನ ಬುಟ್ಟಿ ತುಂಬ ಹಾಕಿ 20 ನಿಮಿಷ ಇಡುತ್ತೇನೆ. ಮೇಲಿನವುಗಳ ತುದಿ ಕಪ್ಪಾಗುತ್ತದೆ, ಅಡಿಯವು ಮೆತ್ತಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತಪ್ಪುತ್ತಿರುವುದು ಎಲ್ಲಿ?

ಉತ್ತರ: ಹೊರಗಿಟ್ಟು ಕರಗಿಸುವುದನ್ನು ಮತ್ತು ಬುಟ್ಟಿ ತುಂಬುವುದನ್ನು ಬಿಟ್ಟುಬಿಡಿ, ನಿಮ್ಮ ತೊಂದರೆಯ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಆಲೂಗಡ್ಡೆಯೊಳಗಿನ ನೀರು ಹೆಪ್ಪುಗಟ್ಟುವಾಗ ಅದರ ಹರಳುಗಳು ಜೀವಕೋಶಗಳ ಗೋಡೆಯನ್ನು ಹರಿದಿರುತ್ತವೆ. ಹೊರಗಿಟ್ಟರೆ ಆ ನೀರೆಲ್ಲ ಜಿನುಗಿ ಮೇಲ್ಮೈಗೆ ಬರುತ್ತದೆ, ಮತ್ತು ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತು ಅಲ್ಲಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲವಾದ್ದರಿಂದ ಹೋಳು ಬೇಯುತ್ತದೆಯೇ ಹೊರತು ಗರಿಗರಿಯಾಗುವುದಿಲ್ಲ. ಫ್ರೀಜರ್‌ನಿಂದ ತೆಗೆದದ್ದೇ ಬುಟ್ಟಿಗೆ ಹಾಕಿದಾಗ, ಒಳಗಿನ ಮಂಜು ಕರಗಿ ಹೊರಬರುವ ಮೊದಲೇ ಹೊರಪದರ ಬಿಸಿಗಾಳಿಗೆ ಒಣಗತೊಡಗುತ್ತದೆ. ಪ್ಯಾಕೆಟ್ಟಿನ ತಳದಲ್ಲಿ ಉಳಿಯುವ ಮಂಜಿನ ಪುಡಿಯನ್ನೂ ಕೊಡವಿಬಿಡಿ.

ಏರ್ ಫ್ರೈಯರ್ ಎಂಬುದು ವಾಸ್ತವದಲ್ಲಿ ಜೋರಾದ ಫ್ಯಾನ್ ಇರುವ ಪುಟ್ಟ ಓವನ್. ಗಾಳಿ ಪ್ರತಿ ಹೋಳಿನ ಸುತ್ತಲೂ ಸುಳಿದು ಹಬೆಯನ್ನು ಹೊತ್ತೊಯ್ದರಷ್ಟೇ ಅದು ಕರಿದಂತಹ ಫಲ ಕೊಡುತ್ತದೆ. ಬುಟ್ಟಿ ತುಂಬಿದರೆ ಅಡಿಯ ಹಬೆ ಅಲ್ಲೇ ಸುತ್ತುತ್ತದೆ, ಗಾಳಿಗೆ ಸಿಕ್ಕ ಮೇಲಿನ ತುದಿಗಳು ಮಾತ್ರ ಸೀಯುತ್ತವೆ. ತೆಳುವಾದ ಹೋಳುಗಳಾದರೆ ಬುಟ್ಟಿಯ ಅರ್ಧಕ್ಕಿಂತ ಕಡಿಮೆ ಹಾಕಿ, ದಪ್ಪನೆಯ ವೆಡ್ಜಸ್‌ಗಳನ್ನು (ಉದ್ದಕ್ಕೆ ಸೀಳಿದ ಹೋಳುಗಳು) ಒಂದೇ ಪದರವಾಗಿ ಹರಡಿ. ಹೆಚ್ಚು ಜನರಿಗೆ ಬೇಕಿದ್ದರೆ ಎರಡು ಸರತಿ ಮಾಡುವುದೇ ಸರಿ.

ಎಣ್ಣೆಯ ಅಗತ್ಯ ಸಾಮಾನ್ಯವಾಗಿ ಇಲ್ಲ, ಏಕೆಂದರೆ ಈ ಹೋಳುಗಳನ್ನು ಕಾರ್ಖಾನೆಯಲ್ಲಿಯೇ ಬಿಸಿನೀರಿನಲ್ಲಿ ಹಾಯಿಸಿ, ಒಣಗಿಸಿ, ಎಣ್ಣೆಯಲ್ಲಿ ಅರೆ ಕರಿದು ನಂತರವೇ ಹೆಪ್ಪುಗಟ್ಟಿಸಿರುತ್ತಾರೆ. ಖಾಲಿ ಬುಟ್ಟಿಯನ್ನು 200 ಡಿಗ್ರಿಯಲ್ಲಿ ಮೂರು ನಿಮಿಷ ಕಾಯಿಸಿ, ತೆಳು ಹೋಳುಗಳಿಗೆ 12ರಿಂದ 15 ನಿಮಿಷ, ದಪ್ಪನೆಯವಕ್ಕೆ 18ರಿಂದ 22 ನಿಮಿಷ ಕೊಡಿ. ನಡುವೆ ಎರಡು ಬಾರಿ ಬುಟ್ಟಿಯನ್ನು ಚೆನ್ನಾಗಿ ಕುಲುಕಿ. ಕೊನೆಯ ಮೂರು ನಿಮಿಷ ಗಡಿಯಾರಕ್ಕಿಂತ ಕಿವಿಯನ್ನು ನಂಬುವುದು ಮೇಲು: ಕುಲುಕಿದಾಗ ಹೋಳುಗಳು ಮಂದವಾಗಿ ಹೊರಳಿದರೆ ಒಳಗಿನ್ನೂ ತೇವವಿದೆ, ಲೋಹಕ್ಕೆ ತಾಗಿ ಗಲಗಲ ಎಂದರೆ ಹೊರಪದರ ಗಟ್ಟಿಯಾಗಿದೆ. ಉಪ್ಪನ್ನು ತೆಗೆದ ತಕ್ಷಣ ಬಿಸಿಯಿರುವಾಗಲೇ ಉದುರಿಸಿ, ಬೇಯುವ ಮುನ್ನ ಬೇಡ.

ಪ್ರಶ್ನೆ: ತುರಿದ ಆಲೂಗಡ್ಡೆಯ ಹ್ಯಾಶ್ ಬ್ರೌನ್ ಮತ್ತು ಚೀಸ್ ತುಂಬಿದ ಆಲೂ ಬೈಟ್ಸ್‌ಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಇವನ್ನು ಮೊದಲೇ ಕುಲುಕಿದರೆ ಮುರಿಯುತ್ತವೆ. ಅಡಿಭಾಗ ಗಟ್ಟಿಯಾದ ಮೇಲೆ, ಅರ್ಧ ಸಮಯ ಕಳೆದಾಗ ಒಮ್ಮೆ ಚಿಮಟದಿಂದ ತಿರುಗಿಸಿ. ಹೂರಣವಿರುವುದಕ್ಕೆ 180 ಡಿಗ್ರಿ ಸಾಕು, ಇಲ್ಲವಾದರೆ ಹೊರಗೆ ಕೆಂಪಾಗುವಷ್ಟರಲ್ಲಿ ಒಳಗೆ ತಣ್ಣಗೇ ಇರುತ್ತದೆ. ಒಂದನ್ನು ಮುರಿದು ನೋಡಿಯೇ ಬಡಿಸಿ. ಚೀಸ್ ಒಸರಲು ಶುರುವಾದ ಕೂಡಲೇ ತೆಗೆಯಬೇಕು.

ಪ್ರಶ್ನೆ: ಚೆನ್ನಾಗಿ ಕೆಂಪಾಗಿ ಕರಿದ ಆಲೂಗಡ್ಡೆ ಆರೋಗ್ಯಕ್ಕೆ ಕೆಟ್ಟದ್ದು ಎನ್ನುತ್ತಾರೆ. ಏರ್ ಫ್ರೈಯರ್‌ನಲ್ಲಿ ಆ ಭಯವಿಲ್ಲವೇ?

ಉತ್ತರ: ಎಣ್ಣೆ ಕಡಿಮೆಯಾಗುವುದು ನಿಜ, ಆದರೆ ಅಕ್ರಿಲಮೈಡ್ ಎಂಬ ರಾಸಾಯನಿಕದ ವಿಚಾರ ಬೇರೆ. ಆಲೂಗಡ್ಡೆಯಲ್ಲಿರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಮತ್ತು ಸಕ್ಕರೆಗಳು 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕೂಡಿದಾಗ ಅದು ಹುಟ್ಟುತ್ತದೆ. ಆಹಾರದಲ್ಲಿ ಅದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತರುವುದು ಕಂಡುಬಂದಿದೆ, ಮನುಷ್ಯರ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ. ಬಣ್ಣ ಗಾಢವಾದಷ್ಟೂ ಅದರ ಪ್ರಮಾಣ ಹೆಚ್ಚು, ಉಪಕರಣ ಯಾವುದಾದರೂ ಸರಿ. ಹೊಂಬಣ್ಣಕ್ಕೆ ನಿಲ್ಲಿಸಿ, ಕಪ್ಪಾದ ತುದಿಗಳನ್ನು ಮುರಿದು ಎಸೆಯಿರಿ. ಪ್ಯಾಕೆಟ್ಟಿನ ಮೇಲೆ ಓವನ್ ಸೂಚನೆ ಮಾತ್ರ ಇದ್ದರೆ, ಅದರಲ್ಲಿ ಹೇಳಿದ ಶಾಖದಲ್ಲಿ 20 ಡಿಗ್ರಿ ಇಳಿಸಿ, ಸಮಯದಲ್ಲಿ ಐದನೆಯ ಒಂದು ಭಾಗ ಕಡಿಮೆ ಮಾಡಿ ನೋಡತೊಡಗುವುದು ಸುರಕ್ಷಿತ.