ಬೋಟ್ಸ್ವಾನಾಕ್ಕೆ ಬರುವವರು ಚುನಾವಣೆಗೆ ಹೆದರಬೇಕೆ?

ನಿಮ್ಮ ಪತ್ರ ಓದಿದೆ. ರಾಜಧಾನಿ ಗ್ಯಾಬರೋನ್‌ನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ಮಗುವನ್ನೂ ಕರೆದುಕೊಂಡು ಬರುವ ಯೋಚನೆಯಿದೆ, ಆದರೆ ಮನೆಯಲ್ಲಿ ತಾಯಿಯವರು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ಆಫ್ರಿಕಾದಲ್ಲಿ ಚುನಾವಣೆ ಎಂದರೆ ಗಲಭೆ, ಕರ್ಫ್ಯೂ ಎಂದು ಟಿವಿಯಲ್ಲಿ ನೋಡಿ ಅವರು ಹೆದರಿದ್ದಾರೆ. ಇಲ್ಲಿ ಐವತ್ತೆಂಟು ವರ್ಷ ಆಳಿದ ಪಕ್ಷವೇ ಸೋತಿದೆಯಂತೆ, ಹೊಸ ಸರ್ಕಾರ ಹೊರಗಿನವರನ್ನು ಕಳಿಸಿಬಿಡುತ್ತದೆಯೆ ಎಂಬುದು ನಿಮ್ಮ ಸ್ವಂತ ಪ್ರಶ್ನೆ. ಎರಡಕ್ಕೂ ನನಗೆ ತಿಳಿದಂತೆ ಉತ್ತರಿಸುತ್ತೇನೆ.

ಮೊದಲು ತಾಯಿಯವರ ಭಯ. ಆಫ್ರಿಕಾ ಐವತ್ತನಾಲ್ಕು ದೇಶಗಳ ಖಂಡ. ಒಂದು ದೇಶದ ಬೆಂಕಿಯ ಚಿತ್ರ ನೋಡಿ ಇನ್ನೊಂದು ದೇಶವನ್ನು ಅಳೆಯಬಾರದು. ಬೋಟ್ಸ್ವಾನಾ 1966ರ ಸೆಪ್ಟೆಂಬರ್ 30ರಂದು ಸ್ವತಂತ್ರವಾಯಿತು. ಅಂದಿನಿಂದ ಇಲ್ಲಿ ಹಲವು ಪಕ್ಷಗಳು ಸ್ಪರ್ಧಿಸುವ ಚುನಾವಣೆ ಒಮ್ಮೆಯೂ ನಿಂತಿಲ್ಲ, ಸೇನೆ ಒಮ್ಮೆಯೂ ಅಧಿಕಾರ ಹಿಡಿದಿಲ್ಲ. ಆದರೆ ಗೆದ್ದದ್ದು ಮಾತ್ರ ಪ್ರತಿ ಸಲವೂ ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಕಟ್ಟಿದ ಬೋಟ್ಸ್ವಾನಾ ಡೆಮಾಕ್ರಟಿಕ್ ಪಾರ್ಟಿಯೇ, ಅಂದರೆ ಬಿಡಿಪಿ. ಹಾಗಾಗಿ 2024ರ ಅಕ್ಟೋಬರ್ 30ರ ಮತದಾನಕ್ಕೆ ಮುಂಚೆ ಹಳಬರಾದ ನಮ್ಮಲ್ಲೂ ಒಂದು ಅನುಮಾನವಿತ್ತು. ಸೋಲನ್ನೇ ಕಂಡರಿಯದವರು ಸೋತಾಗ ಹೇಗೆ ನಡೆದುಕೊಳ್ಳುತ್ತಾರೆ?

ನಡೆದದ್ದು ಇದು. ಅಕ್ಟೋಬರ್ ಕೊನೆ ಇಲ್ಲಿ ಮಳೆಗೆ ಮುಂಚಿನ ಕಡು ಬೇಸಿಗೆ. ಆ ಬಿಸಿಲಿನಲ್ಲಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ನೋಂದಾಯಿಸಿದ ಹತ್ತು ಲಕ್ಷಕ್ಕೂ ಹೆಚ್ಚು ಮತದಾರರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಜನ ಮತ ಹಾಕಿದರು. ನವೆಂಬರ್ 1ರ ಬೆಳಿಗ್ಗೆ, ಎಲ್ಲ ಕ್ಷೇತ್ರಗಳ ಫಲಿತಾಂಶ ಪೂರ್ತಿ ಹೊರಬೀಳುವ ಮುಂಚೆಯೇ, ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ ಪತ್ರಕರ್ತರ ಮುಂದೆ ಬಂದು ಸೋಲೊಪ್ಪಿಕೊಂಡರು. ಅಧಿಕಾರ ಹಸ್ತಾಂತರಕ್ಕೆ ಸಹಕರಿಸುತ್ತೇನೆ ಎಂದರು. ಅದೇ ದಿನ ಗೆದ್ದ ವಿರೋಧ ಪಕ್ಷಗಳ ಒಕ್ಕೂಟದ ನಾಯಕ ಡೂಮಾ ಬೊಕೊ ಪ್ರಮಾಣವಚನ ಸ್ವೀಕರಿಸಿದರು. ಇಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಸಂಸತ್ತಿನ 61 ಚುನಾಯಿತ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಬೆಂಬಲಕ್ಕಿದ್ದಾರೋ ಅವರು ಅಧ್ಯಕ್ಷರೆಂದು ಮುಖ್ಯ ನ್ಯಾಯಮೂರ್ತಿ ಘೋಷಿಸುತ್ತಾರೆ. ಆದ್ದರಿಂದಲೇ ಅಷ್ಟು ಬೇಗ ಮುಗಿಯಿತು. ರೆಸಾರ್ಟ್ ರಾಜಕಾರಣವನ್ನು ಕಂಡ ನಮಗೆ ಇದು ಬೆರಗಿನ ಸಂಗತಿ. ನನಗಂತೂ ಆ ದಿನ ಈ ಜನರ ಬಗ್ಗೆ ಹೆಮ್ಮೆಯಾಯಿತು. ನಾನು ಮತ ಹಾಕಿರಲಿಲ್ಲ, ಹಾಕುವ ಹಕ್ಕೂ ನನಗಿಲ್ಲ. ಆದರೂ ಹೆಮ್ಮೆಯಾಯಿತು.

ಫಲಿತಾಂಶದ ಅಂಕಿಗಳನ್ನು ನೋಡಿದರೆ ನಿಮಗೆ ನಮ್ಮ ದೇಶವೇ ನೆನಪಾಗಬಹುದು. ಬೊಕೊ ಅವರ ಒಕ್ಕೂಟ ಯುಡಿಸಿ 36 ಸ್ಥಾನ ಗೆದ್ದಿತು, ಬೋಟ್ಸ್ವಾನಾ ಕಾಂಗ್ರೆಸ್ ಪಾರ್ಟಿ (ಬಿಸಿಪಿ) 15, ಬೋಟ್ಸ್ವಾನಾ ಪೇಟ್ರಿಯಾಟಿಕ್ ಫ್ರಂಟ್ (ಬಿಪಿಎಫ್) 5, ಬಿಡಿಪಿ ಬರೀ 4. ಆದರೆ ಬಿಡಿಪಿಗೆ ಬಿದ್ದ ಮತ ಹೆಚ್ಚುಕಡಿಮೆ ಶೇಕಡಾ 30. ಇಲ್ಲಿಯೂ ಭಾರತದಂತೆ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನೇ ಗೆದ್ದವನು. 2014ರಲ್ಲಿ ಇದೇ ಪದ್ಧತಿಯಿಂದ ಬಿಡಿಪಿ ಅರ್ಧಕ್ಕಿಂತ ಕಡಿಮೆ ಮತ ಪಡೆದು 57ರಲ್ಲಿ 37 ಸ್ಥಾನ ಗೆದ್ದಿತ್ತು, ಏಕೆಂದರೆ ವಿರೋಧಿಗಳ ಮತ ಹಂಚಿಹೋಗಿತ್ತು. ಹತ್ತು ವರ್ಷದ ಬಳಿಕ ಅದೇ ಪದ್ಧತಿ ಅದನ್ನೇ ಕೆಡವಿತು. ಅದರ ಜೊತೆಗೆ ಮನೆಯೊಳಗಿನ ಬಿರುಕೂ ಇತ್ತು. ಸೆರೆತ್ಸೆ ಖಾಮಾರ ಮಗ, ಮಾಜಿ ಅಧ್ಯಕ್ಷ ಇಯಾನ್ ಖಾಮಾ, ತಾವೇ ಆರಿಸಿದ ಉತ್ತರಾಧಿಕಾರಿ ಮಸೀಸಿಯೊಂದಿಗೆ ಮುನಿಸಿಕೊಂಡು ತಂದೆಯ ಪಕ್ಷವನ್ನೇ ಬಿಟ್ಟರು. ಬಿಪಿಎಫ್ ಪರವಾಗಿ ತಮ್ಮ ಮನೆತನದ ಊರಾದ ಸೆರೋವೆ ಸೀಮೆಯಲ್ಲಿ ಪ್ರಚಾರ ಮಾಡಿದರು.

ಕರ್ನಾಟಕಕ್ಕೂ ಈ ದೇಶದ ಚುನಾವಣೆಗೂ ಒಂದು ನಂಟಿದೆ, ಬಂದ ಮೇಲೆ ಯಾರಾದರೂ ನಿಮ್ಮನ್ನು ಕೇಳಿಯಾರು. 2016ರಲ್ಲಿ ಸರ್ಕಾರ ಕಾನೂನು ತಿದ್ದಿ ಮತಯಂತ್ರ ತರಲು ಹೊರಟಿತು. ತಂದು ತೋರಿಸಿದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಯಂತ್ರಗಳನ್ನು. ವಿರೋಧ ಪಕ್ಷದವರು ನಂಬಲಿಲ್ಲ, ಬಿಸಿಪಿ ನ್ಯಾಯಾಲಯಕ್ಕೆ ಹೋಯಿತು, ಕೊನೆಗೆ ಸರ್ಕಾರವೇ ಯೋಜನೆ ಕೈಬಿಟ್ಟಿತು. ಇಂದಿಗೂ ಇಲ್ಲಿ ಮತಪತ್ರ, ಪೆಟ್ಟಿಗೆ, ಕೈಯೆಣಿಕೆ. ‘ನಿಮ್ಮ ದೇಶದ ಯಂತ್ರ’ ಎಂದು ಯಾರಾದರೂ ಮಾತು ತೆಗೆದರೆ ವಾದಕ್ಕೆ ನಿಲ್ಲಬೇಡಿ. ತಮ್ಮ ಮತವನ್ನು ತಮ್ಮ ಕಣ್ಣೆದುರೇ ಎಣಿಸಬೇಕೆಂದು ಅವರು ಬಯಸುವುದರಲ್ಲಿ ತಪ್ಪೇನಿದೆ?

ಇಲ್ಲಿಯ ಶಾಂತಿಗೆ ಕಾರಣ ಹುಡುಕಿದರೆ ಹಳ್ಳಿಗಳ ‘ಖೊಟ್ಲಾ’ ಕಡೆಗೆ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಅದು ಊರಿನ ಮುಖ್ಯಸ್ಥ ಸಭೆ ಸೇರಿಸುವ ಜಾಗ. ಅಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದು, ಮುಖ್ಯಸ್ಥನನ್ನೇ ಆಕ್ಷೇಪಿಸಬಹುದು, ಉಳಿದವರು ಮಾತು ಮುಗಿಯುವವರೆಗೆ ಕೇಳಬೇಕು. ಹಿಂದೆ ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ, ಈಗ ಇದೆ. ನಗರದಲ್ಲಿ ರ‍್ಯಾಲಿಗಳಿಗೆ ‘ಫ್ರೀಡಂ ಸ್ಕ್ವೇರ್’ ಎಂಬ ಬಯಲುಗಳಿವೆ. ಚುನಾವಣೆಯ ತಿಂಗಳುಗಳಲ್ಲಿ ಶನಿವಾರ ಭಾನುವಾರ ಅಲ್ಲಿ ಧ್ವನಿವರ್ಧಕ, ಹಾಡು, ಪಕ್ಷದ ಬಣ್ಣದ ಟೀ ಶರ್ಟು, ಕಾರುಗಳ ಮೆರವಣಿಗೆ. ಗದ್ದಲವಿರುತ್ತದೆ, ಬೈಗುಳವೂ ಇರುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಅದೇ ಜನ ಒಂದೇ ಕೊಂಬಿಯಲ್ಲಿ ಪಕ್ಕಪಕ್ಕ ಕೂತು ಕೆಲಸಕ್ಕೆ ಹೋಗುತ್ತಾರೆ. ಕೊಂಬಿ ಎಂದರೆ ಇಲ್ಲಿಯ ಬಾಡಿಗೆ ವ್ಯಾನು, ನಮ್ಮ ಟೆಂಪೊ ಇದ್ದಂತೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇದಕ್ಕೆ ಸಮಾಧಾನದ ಮಾತು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಯಾರೂ ನಿಮ್ಮನ್ನು ಓಡಿಸುವುದಿಲ್ಲ. ಆದರೆ ಈ ಸರ್ಕಾರವನ್ನು ತಂದದ್ದು ಯಾವ ಸಿಟ್ಟೋ ಆ ಸಿಟ್ಟಿನ ನಡುವೆಯೇ ನೀವು ಬಂದು ಬದುಕಬೇಕು. ದೇಶದ ಜನಸಂಖ್ಯೆ ಸುಮಾರು 24 ಲಕ್ಷ. ರಫ್ತಿನ ಬಹುಪಾಲು ವಜ್ರ. ಜ್ವನೆಂಗ್, ಒರಾಪಾ ಗಣಿಗಳು ಡಿ ಬಿಯರ್ಸ್ ಮತ್ತು ಸರ್ಕಾರದ ಸಮಪಾಲಿನ ಡೆಬ್ಸ್ವಾನಾ ಕಂಪನಿಯವು. ಆ ಹಣದಿಂದ ರಸ್ತೆ, ಶಾಲೆ, ಆಸ್ಪತ್ರೆ ಆದವು. ಓದಿದ ಮಕ್ಕಳು ಮಾತ್ರ ಕೆಲಸವಿಲ್ಲದೆ ಕೂತರು. ಚುನಾವಣೆಯ ವರ್ಷ ದುಡಿಯುವ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ, ಯುವಕರಲ್ಲಿ ಇನ್ನೂ ಹೆಚ್ಚು. ಪ್ರಯೋಗಶಾಲೆಯ ಕೃತಕ ವಜ್ರ ಬಂದು, ದೊಡ್ಡ ಮಾರುಕಟ್ಟೆಗಳಲ್ಲಿ ಬೇಡಿಕೆ ಕುಸಿದು, ಗ್ಯಾಬರೋನ್‌ನ ವಜ್ರ ಕತ್ತರಿಸುವ ಕಾರ್ಖಾನೆಗಳಲ್ಲೂ ಕೆಲಸ ಕಡಿಮೆಯಾಯಿತು. ಅವುಗಳಲ್ಲಿ ಹಲವು ಭಾರತೀಯರ ಒಡೆತನದವು ಎಂಬುದನ್ನು ಮರೆಯಬೇಡಿ. ಪದವಿ ಪಡೆದ ಹುಡುಗಿಯೊಬ್ಬಳು ಅಂಗಡಿಯ ಗಲ್ಲಾದಲ್ಲಿ ಕೂತು ನಿಮ್ಮ ಅಕ್ಕಿ ಬೇಳೆಗೆ ಬಿಲ್ಲು ಹಾಕುತ್ತಾಳೆ. ಅವಳ ಮುಂದೆ ನಿಂತಿರುವ ನೀವು ಹೊರಗಿನಿಂದ ಬಂದು ಕೆಲಸ ಪಡೆದವರು. ಅವಳು ನಗುತ್ತಲೇ ‘ದುಮೆಲಾ ರ‍್ರಾ’ ಎನ್ನುತ್ತಾಳೆ. ನೀವೂ ಮೊದಲು ಹಾಗೆಯೇ ನಮಸ್ಕರಿಸಿ, ಆಮೇಲೆ ಸಾಮಾನಿನ ಮಾತು. ಇಲ್ಲಿ ನಮಸ್ಕಾರವಿಲ್ಲದೆ ಮಾತು ಶುರು ಮಾಡುವುದು ಒರಟುತನ.

ಯುಡಿಸಿ ಕೊಟ್ಟ ಭರವಸೆಗಳು ದೊಡ್ಡವು: ಕನಿಷ್ಠ ವೇತನ 4,000 ಪುಲಾ (ಪುಲಾ ಇಲ್ಲಿಯ ಹಣ), ವೃದ್ಧರ ಪಿಂಚಣಿಯಲ್ಲಿ ಏರಿಕೆ, ಹೊಸ ಉದ್ಯೋಗಗಳು. ಖಜಾನೆ ಮಾತ್ರ ಬರಿದಾಗಿತ್ತು. 2025ರ ಫೆಬ್ರವರಿಯಲ್ಲಿ ಡಿ ಬಿಯರ್ಸ್ ಜೊತೆ ಹೊಸ ಒಪ್ಪಂದವಾಯಿತು, ಆದರೆ ವಜ್ರದ ಮಾರುಕಟ್ಟೆ ಚೇತರಿಸಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಸಾಲದೆ ಅಧ್ಯಕ್ಷರು ಆರೋಗ್ಯ ತುರ್ತುಸ್ಥಿತಿ ಘೋಷಿಸಬೇಕಾಯಿತು. ಆದ್ದರಿಂದ ಮಗುವಿನ ಜೊತೆ ಬರುವ ನೀವು ಕಂಪನಿಯ ವೈದ್ಯಕೀಯ ವಿಮೆಯಲ್ಲಿ ಕುಟುಂಬವೂ ಸೇರಿದೆಯೆ ಎಂದು ಈಗಲೇ ಬರೆಸಿಕೊಳ್ಳಿ.

ಮುಂದಿನ ಚುನಾವಣೆ 2029ರಲ್ಲಿ. ಆಗ ಇಲ್ಲಿದ್ದರೆ ಯಾವ ಪಕ್ಷದ ಟೀ ಶರ್ಟನ್ನೂ ತೊಡಬೇಡಿ, ಪುಕ್ಕಟೆ ಕೊಟ್ಟರೂ ಸರಿ. ಕಚೇರಿಯಲ್ಲಿ ನಿಮ್ಮ ಅಭಿಪ್ರಾಯ ಕೇಳಿದರೆ ‘ನಾನು ಅತಿಥಿ, ಆರಿಸುವುದು ನಿಮ್ಮ ಹಕ್ಕು’ ಎಂದರೆ ಸಾಕು, ಗೌರವದಿಂದ ಒಪ್ಪುತ್ತಾರೆ. ಕೇಳುವುದನ್ನು ಮಾತ್ರ ಬಿಡಬೇಡಿ. ಗ್ಯಾಬ್ಜ್ ಎಫ್‌ಎಂನಲ್ಲಿ ಅಭ್ಯರ್ಥಿಗಳ ಚರ್ಚೆ ಬರುತ್ತದೆ, ‘ಮಮೇಗಿ’ ಪತ್ರಿಕೆ ಓದಿ. ನಮ್ಮವರಲ್ಲಿ ಕೆಲವರು ವರ್ಷಗಟ್ಟಲೆ ಇದ್ದರೂ ಇಲ್ಲಿಯ ಮಂತ್ರಿಗಳ ಹೆಸರು ಗೊತ್ತಿಲ್ಲದೆ, ರಾತ್ರಿಯಿಡೀ ಬೆಂಗಳೂರಿನ ಸುದ್ದಿವಾಹಿನಿ ನೋಡುತ್ತಾ ಕಾಲ ಕಳೆಯುತ್ತಾರೆ. ಉಣ್ಣುವುದು ಈ ನೆಲದ ಅನ್ನ, ಈ ನೆಲದ ಕಷ್ಟ ಮಾತ್ರ ನಮ್ಮದಲ್ಲ ಎನ್ನುವ ಆ ನಡತೆ ನನಗೆ ಸಹಿಸುವುದಿಲ್ಲ.

ನಿಮ್ಮ ಕೆಲಸದ ಪರವಾನಗಿ ಒಂದು ಅವಧಿಗೆ ಮಾತ್ರ. ಅದನ್ನು ನವೀಕರಿಸುವಾಗ ಈ ಹುದ್ದೆಗೆ ಸ್ಥಳೀಯರನ್ನು ತಯಾರು ಮಾಡಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಯಾವ ಪಕ್ಷ ಗೆದ್ದರೂ ಆ ಪ್ರಶ್ನೆ ಹೋಗುವುದಿಲ್ಲ, ಹೋಗಲೂಬಾರದು. ಕೆಲವರು ಜಾಗ ಕಳೆದುಕೊಳ್ಳುವ ಭಯಕ್ಕೆ ಅರ್ಧ ಕೆಲಸವನ್ನು ಮುಚ್ಚಿಟ್ಟು ಕಲಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಸಂಬಳದ ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ‘ನನ್ನ ಜೊತೆ ಕಲಿಯಲು ಯಾರನ್ನು ಕೊಡುತ್ತೀರಿ’ ಎಂದು ಕಂಪನಿಯನ್ನು ಕೇಳಿ. ಹೆಸರು ಹೇಳಿದರೆ ಧೈರ್ಯವಾಗಿ ಬನ್ನಿ. ಅಂಥ ಯಾರೂ ಇಲ್ಲ ಎಂದರೆ ನನಗೆ ಇನ್ನೊಮ್ಮೆ ಬರೆಯಿರಿ, ಆ ಕಂಪನಿಯ ಬಗ್ಗೆ ಇಲ್ಲಿ ವಿಚಾರಿಸಿ ತಿಳಿಸುತ್ತೇನೆ.