ಹುಡುಗರನ್ನು ಯಾವಾಗ ಇಳಿಸಬೇಕು?

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸೀನಿಯರ್‌ಗಳನ್ನು ಕೂರಿಸಿದರೆ ಪಂದ್ಯ ಸೋಲುತ್ತೇವೆ, ಆಡಿಸಿದರೆ ಹುಡುಗರು ಬೆಂಚಿನಲ್ಲೇ ಉಳಿಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು, 20 ಪಾಯಿಂಟ್ ಮುಂದಿದ್ದಾಗ ಕೊನೆಯ ಎರಡು ನಿಮಿಷಕ್ಕೆ ಅವರನ್ನು ಇಳಿಸುವುದನ್ನು ಬಿಡಿ. ಆಗ ಎದುರಾಳಿಗಳೂ ಸುಮ್ನೆ ಓಡಾಡುತ್ತಿರುತ್ತಾರೆ, ಹುಡುಗ ಕಲಿಯುವುದು ಏನೂ ಇರುವುದಿಲ್ಲ. ಎರಡನೇ ಕ್ವಾರ್ಟರ್ ಶುರುವಿನಲ್ಲಿ ಐದಾರು ನಿಮಿಷ ಕೊಡಿ, ಪ್ರತಿ ಪಂದ್ಯದಲ್ಲೂ ಅದೇ ಹೊತ್ತಿಗೆ, ಒಂದು ಪಾಸ್ ತಪ್ಪಿದ ತಕ್ಷಣ ವಾಪಸ್ ಕರೆಯಬೇಡಿ. ಆದರೆ ಐದೂ ಜನ ಹೊಸಬರು ಒಟ್ಟಿಗೆ ಬೇಡ. ಜೊತೆಗೆ ಒಬ್ಬ ಅನುಭವಿ ಗಾರ್ಡ್ (ಚೆಂಡು ನಡೆಸಿಕೊಂಡು ಆಟ ಕಟ್ಟುವವನು), ಡಿಫೆನ್ಸ್‌ನಲ್ಲಿ ಕೂಗಿ ಹೇಳುವ ಒಬ್ಬ ಹಿರಿಯ ಇರಲಿ (ಹೊಸಬರು ಬಾಯಿಯೇ ಬಿಡುವುದಿಲ್ಲ, ನೋಡಿರುತ್ತೀರಿ).

ಅಮೆರಿಕದ ಎನ್‌ಬಿಎ ಲೀಗ್‌ನ ಸ್ಪರ್ಸ್ ತಂಡದ 2013-14ರ ಸೀಸನ್ ನೋಡಿ. ಕೋಚ್ ಪೊಪೊವಿಚ್ ಯಾರಿಗೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಕೊಡಲಿಲ್ಲ, ತಂಡದ ದೊಡ್ಡ ಸ್ಟಾರ್‌ಗಳಾದ ಡಂಕನ್, ಪಾರ್ಕರ್‌ಗೂ ಇಲ್ಲ. ಆದರೂ ಚಾಂಪಿಯನ್ ಆದರು, ಫೈನಲ್ಸ್ ಎಂವಿಪಿ (ಫೈನಲ್‌ನ ಅತ್ಯುತ್ತಮ ಆಟಗಾರ) ಆಗಿದ್ದು 22 ವರ್ಷದ ಕವಾಯ್ ಲೆನರ್ಡ್. ಅದೇ ತಂಡದ ಸ್ಟಾರ್ ಜಿನೋಬಿಲಿಯಂಥವನೇ ಬೆಂಚಿನಿಂದ ಬರುತ್ತಿದ್ದ ಅಂದಮೇಲೆ ನಿಮ್ಮ ಸೀನಿಯರ್‌ಗೆ ಸ್ವಲ್ಪ ಹೊತ್ತು ಕೂರು ಅಂತ ಹೇಳುವುದು ಸ್ವಲ್ಪ ಸುಲಭ, ಅಲ್ವಾ? ಪಂದ್ಯಕ್ಕೆ ಮೊದಲೇ, ಒಬ್ಬರನ್ನೇ ಕರೆದು ಹೇಳಿ. ಮತ್ತೆ, ಡಿಫೆನ್ಸ್‌ಗೆ ಹಿಂದೆ ಓಡದ ಹುಡುಗನಿಗೆ ವಯಸ್ಸು ಚಿಕ್ಕದು ಅಂತ ಮಾತ್ರ ನಿಮಿಷ ಕೊಡಬೇಡಿ.